ಎರಡನೇ ಜ್ವರದ ದಿನ ಬದಲಿಸಿದ ಕರ್ನಲ್

ನನ್ನ ಅಕ್ಕ ಬೈರಾಪಟ್ಟಣದ ಹತ್ತಿರ ಚಾಕಿ ಮನೆ ನಡೆಸುತ್ತಾಳೆ. ರೇಷ್ಮೆ ಮೊಟ್ಟೆ ತಂದು, ಮರಿ ಮಾಡಿಸಿ, ಹುಳು ಎರಡು ಜ್ವರ ದಾಟುವವರೆಗೆ ಸಾಕಿ, ಆಮೇಲೆ ಆ ಎಳೆ ಹುಳುವನ್ನು, ಅಂದರೆ ಚಾಕಿಯನ್ನು, ರೈತರಿಗೆ ಕೊಡುವ ಕೆಲಸ. ಜ್ವರ ಎಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮೊದಲು ಹುಳು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ‘ಜ್ವರಕ್ಕೆ ಕೂತವೆ’ ಅನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ತಟ್ಟೆ ಅಲುಗಿಸುವಂತಿಲ್ಲ, ಒಳಗಿನ ಗಾಳಿ ಒಣಗಿರಬೇಕು. ಸುಣ್ಣದ ಪುಡಿ ಉದುರಿಸಿ ಬಾಗಿಲು ಎಳೆದುಕೊಂಡಳೆಂದರೆ, ಹುಳು ಜ್ವರದಿಂದ ಏಳುವವರೆಗೆ ಅಕ್ಕ ಆ ಕಡೆ ಯಾರನ್ನೂ ಸುಳಿಯಗೊಡುವುದಿಲ್ಲ.

ನಾನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ರಿಪೇರಿ ನೋಡಿಕೊಳ್ಳುವವನು. ಮನೆ ರಾಮನಗರದಲ್ಲಿ. ಎರಡು ವರ್ಷದ ಹಿಂದೆ ಅಕ್ಕನ ಚಾಕಿ ಮನೆಯ ಹೊರಗೋಡೆಗೆ ಒಂದು ಪ್ಲಾಸ್ಟಿಕ್ ಡಬ್ಬ ಹೊಡೆದು, ಅದರೊಳಗೆ ಫೋನಿನಲ್ಲಿರುವಂಥ ಚಿಪ್ಪಿನ, ಅಂಗೈಯಗಲದ ಒಂದು ಎಆರ್‌ಎಂ ಕಂಪ್ಯೂಟರ್ ಕೂರಿಸಿದೆ. ಒಳಗಿನ ಶಾಖ, ತೇವ ಎಷ್ಟೆಂದು ಸೆನ್ಸರ್ ಹೇಳುತ್ತದೆ. ಕಂಪ್ಯೂಟರ್ ಹೀಟರನ್ನೂ ನೀರಿನ ಮಂಜು ಬಿಡುವ ಹ್ಯೂಮಿಡಿಫೈಯರನ್ನೂ ಬೇಕಾದಂತೆ ಹಚ್ಚಿ ಆರಿಸುತ್ತದೆ. ಅಂಕಿಗಳು ಅಕ್ಕನ ಫೋನಿನಲ್ಲಿ ಕಾಣುತ್ತವೆ. ಮೊದಮೊದಲು ಅಕ್ಕನಿಗೆ ನಂಬಿಕೆ ಇರಲಿಲ್ಲ. ಅವಳು ಬಾಗಿಲು ಒಂದು ಗೇಣು ತೆರೆದು, ಮುಖ ಒಡ್ಡಿ, ‘ಒಸಿ ತೇವ ಜಾಸ್ತಿ ಐತೆ’ ಅನ್ನುವವಳು. ನಾನು ಫೋನ್ ಹಿಡಿದು ಅದು ಸರಿಯೋ ತಪ್ಪೋ ನೋಡುತ್ತಿದ್ದೆ. ಸರಿಯೇ ಇರುತ್ತಿತ್ತು, ಅದಕ್ಕೆ ನನಗೆ ಕೊಂಚ ಉರಿಯುತ್ತಿತ್ತು. ಕ್ರಮೇಣ ಅವಳೂ ಬಾಗಿಲು ತೆರೆಯುವುದು ಬಿಟ್ಟು ಫೋನ್ ನೋಡತೊಡಗಿದಳು. ನಾನು ಗೆದ್ದೆ ಅಂದುಕೊಂಡೆ.

ಈ ವರ್ಷ ಆ ಕಂಪ್ಯೂಟರಿನ ವೈಫೈ ಆಗಾಗ ಬಿದ್ದುಹೋಗಲು ಶುರುವಾಯಿತು. ತಪ್ಪು ಕರ್ನಲ್‌ನದು. ಯಂತ್ರಕ್ಕೂ ನಾವು ಬರೆದ ಪ್ರೋಗ್ರಾಮಿಗೂ ನಡುವೆ ನಿಂತು ಎರಡನ್ನೂ ನಡೆಸುವ ತಂತ್ರಾಂಶವೇ ಕರ್ನಲ್. ನನ್ನ ಮುಂದೆ ಎರಡು ದಾರಿ ಇದ್ದವು. ಆ ಕಂಪ್ಯೂಟರಿನ ಬೋರ್ಡ್ ಮಾಡಿದವರೇ ಕೊಡುವ ಕರ್ನಲ್ ಪ್ಯಾಕೇಜ್ ಒಂದು: ಸೆನ್ಸರ್, ಸ್ವಿಚ್ಚುಗಳ ತಂತಿ ಸಿಕ್ಕಿಸುವ ಆ ಬೋರ್ಡಿನ ಪಿನ್ನು ಪಿನ್ನೂ ಅದಕ್ಕೆ ಗೊತ್ತು, ಆದರೆ ಅವರು ಅದನ್ನು ತಿದ್ದುವುದು ನಿಲ್ಲಿಸಿ ಬಹಳ ದಿನವಾಗಿತ್ತು. ಇನ್ನೊಂದು, ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಂಚುವವರು ಎಲ್ಲ ಬೋರ್ಡುಗಳಿಗೂ ಸೇರಿ ಕೊಡುವುದು: ಹೊಸದು, ತೂತುಗಳನ್ನು ಆಗಿಂದಾಗ ಮುಚ್ಚುತ್ತಾರೆ, ಆದರೆ ನಮ್ಮ ಬೋರ್ಡು ಅದಕ್ಕೆ ಸಾವಿರದಲ್ಲಿ ಒಂದು. ನಾಲ್ಕು ವಾರ ಓದಿದೆ. ಊಟ ಮಾಡುವಾಗಲೂ ಫೋನಿನಲ್ಲಿ ಅದೇ. ಕೊನೆಗೆ ಎರಡನೆಯದೇ ಸರಿ ಎಂದು ತೀರ್ಮಾನಿಸಿದೆ. ಆ ತೀರ್ಮಾನ ಇವತ್ತಿಗೂ ತಪ್ಪೆಂದು ನನಗನ್ನಿಸಿಲ್ಲ. ತಪ್ಪಿದ್ದು ದಿನ.

ಕಂಪ್ಯೂಟರ್ ಅರ್ಧ ಗಂಟೆ ನಿಂತರೂ ತೊಂದರೆಯಾಗದ ಹೊತ್ತು ನನಗೆ ಬೇಕಿತ್ತು. ಹುಳು ಎರಡನೇ ಜ್ವರಕ್ಕೆ ಕೂತ ಭಾನುವಾರ ಮಧ್ಯಾಹ್ನ ಆರಿಸಿಕೊಂಡೆ. ಸೊಪ್ಪು ಹಾಕುವವರಿಲ್ಲ, ಒಳಗೆ ಓಡಾಟವಿಲ್ಲ. ಕಾರ್ಖಾನೆಯಲ್ಲಿ ಲೈನ್ ನಿಂತಾಗ ರಿಪೇರಿ ಮಾಡಿ ಅಭ್ಯಾಸವಾದವನ ಬುದ್ಧಿ ಅದು. ಜಗುಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹೊಸ ಕರ್ನಲ್ ಹಾಕಿದೆ. ವೈಫೈ ಗಟ್ಟಿಯಾಗಿ ನಿಂತಿತು. ಫೋನಿನಲ್ಲಿ ತೇವ ಎಪ್ಪತ್ತು, ಜ್ವರದ ಹೊತ್ತಿಗೆ ಎಷ್ಟಿರಬೇಕೋ ಅಷ್ಟೇ. ಅಕ್ಕ ಕೊಟ್ಟ ಕಾಫಿ ಕುಡಿದು ರಾಮನಗರಕ್ಕೆ ಹೊರಟೆ.

ಮಾರನೆಯ ದಿನ ಬೆಳಿಗ್ಗೆ ಕೆಲಸದಲ್ಲಿರುವಾಗ ಅವಳ ಫೋನ್ ಬಂತು. “ಬಾಗ್ಲು ತೆಗುದ್ರೆ ಒಳಗೆಲ್ಲ ತೇವ ಕಣೋ, ಫೋನು ಎಪ್ಪತ್ತೇ ಅಂತೈತೆ. ಅರ್ಧ ಹುಳ ಪೊರೆ ಬುಟ್ಟೇ ಇಲ್ಲ. ಸಿಕ್ಕಾಕ್ಕೊಂಡವೆ” ಅಂದಳು. ರಜೆ ಹಾಕಿ ಓಡಿದೆ. ನಾನು ಹೋಗುವಷ್ಟರಲ್ಲಿ ಚಾಕಿ ತೆಗೆದುಕೊಂಡು ಹೋಗಲು ಬಂದ ರೈತರು ಅಂಗಳದಲ್ಲಿ ನಿಂತಿದ್ದರು. ಅಕ್ಕ ಒಂದು ತಟ್ಟೆಯನ್ನೂ ಕೊಡಲಿಲ್ಲ. ಮುಂದೆ ರೈತರ ಮನೆಯಲ್ಲಿ ನಾಲ್ಕನೇ ಜ್ವರದ ಹೊತ್ತಿಗೆ ಸಾಯುವ ಹುಳು ಕೊಟ್ಟು ಕಳಿಸುವ ಹೆಂಗಸಲ್ಲ ಅವಳು. “ನಂದೇ ತಪ್ಪು. ಜ್ವರಕ್ಕೆ ಕೂರೋ ಮುಂಚೆ ಹಾಕಿದ್ ಸೊಪ್ಪು ನೆಂದಿತ್ತು ಅಂತ ಕಾಣ್ತದೆ. ನಾನೇ ನೋಡ್ನಿಲ್ಲ” ಎಂದು ಎಲ್ಲರೆದುರು ಹೇಳಿದಳು.

ನಾನಾಗ ಲ್ಯಾಪ್‌ಟಾಪಿನಲ್ಲಿ ಹಿಂದಿನ ದಿನದ ದಾಖಲೆ ಓದುತ್ತಿದ್ದೆ. ಹೊಸ ಕರ್ನಲ್‌ನಲ್ಲಿ ಪಿನ್ನುಗಳ ಎಣಿಕೆ ಬೇರೆ ಸಂಖ್ಯೆಯಿಂದ ಶುರುವಾಗುತ್ತಿತ್ತು. ನನ್ನ ಪ್ರೋಗ್ರಾಮು ಹಳೆಯ ಸಂಖ್ಯೆಯನ್ನೇ ಹುಡುಕಿ ಹುಡುಕಿ ಸೋತಿತ್ತು. ಆರಿಸು ಎಂದು ಯಾರೂ ಹೇಳದಿದ್ದರೆ ಚಾಲೂ ಆಗಿಯೇ ಇರುವ ಜಾತಿಯ ಸ್ವಿಚ್ಚು ಹ್ಯೂಮಿಡಿಫೈಯರಿಗೆ ನಾನು ಹಾಕಿದ್ದು. ಹಾಗಾಗಿ ಅದು ಭಾನುವಾರ ಮಧ್ಯಾಹ್ನದಿಂದ ಬೆಳಗಿನವರೆಗೆ ಮಂಜು ಬಿಟ್ಟಿತ್ತು. ಫೋನಿನ ಎಪ್ಪತ್ತೋ? ಸೆನ್ಸರ್ ಸಿಗದಿದ್ದರೆ ಕೊನೆಗೆ ಸಿಕ್ಕ ಅಂಕಿಯನ್ನೇ ತೋರಿಸು ಎಂದು ನಾನೇ ಹಿಂದೊಮ್ಮೆ ಬರೆದಿದ್ದೆ, ಖಾಲಿ ಕಂಡರೆ ಅಕ್ಕ ಗಾಬರಿಯಾಗುತ್ತಾಳೆ ಅಂತ.

ಎಲ್ಲ ಗೊತ್ತಾಯಿತು. ಬಾಯಿ ಬಿಡಲಿಲ್ಲ. ರೈತರು ಹೋಗಲಿ, ಆಮೇಲೆ ಹೇಳೋಣ ಅಂದುಕೊಂಡೆ. ರೈತರು ಹೋದರು. ಅವಳು ಹುಳುವನ್ನೆಲ್ಲ ಗುಂಡಿಗೆ ಸುರಿದು ಸುಣ್ಣ ಹಾಕಿದಳು, ನಾನು ಮಣ್ಣು ಮುಚ್ಚಿದೆ, ಆಗಲೂ ಹೇಳಲಿಲ್ಲ. ಬೋರ್ಡ್ ಮಾಡಿದವರ ಹಳೆಯ ಕರ್ನಲನ್ನೇ ವಾಪಸ್ಸು ಹಾಕಿ, ಮತ್ತೆಂದೂ ಬದಲಾಗದಂತೆ ಬೀಗ ಜಡಿದೆ. ಏನು ಮಾಡಿದೆ ಅಂತ ಅವಳು ಕೇಳಲೂ ಇಲ್ಲ. “ವೈಫೈ ನೋಡ್ದೆ” ಎಂದು ನಾನಾಗಿಯೇ ಸುಳ್ಳು ಹೇಳಿದೆ. ಹೇಡಿ ಕೆಲಸ. ಬೇರೆ ಹೆಸರಿಲ್ಲ ಅದಕ್ಕೆ.

ಮುಂದಿನ ತಂಡದ ಮೊಟ್ಟೆ ಬಂತು. ಅಕ್ಕ ಬದಲಾಗಿದ್ದಳು. ಸೊಪ್ಪಿನ ಕುಕ್ಕೆ ಬಂದರೆ ಒಂದೊಂದೇ ಎಲೆ ತೆಗೆದು ಕೆನ್ನೆಗೆ ಒತ್ತಿ ನೋಡುವಳು. ನೋಡಿದ್ದನ್ನೇ ಮತ್ತೆ ನೋಡುವಳು. ಸುತ್ತಲಿನ ಹೆಂಗಸರಿಗೆ ಸೊಪ್ಪು ಕತ್ತರಿಸುವುದನ್ನು ಕಲಿಸಿದ ಕೈ ಅದು. ನಾನು ಹೋದರೆ ಸಾಕು, “ಲೇ, ಇಲ್ಲಿ ಬಾ, ಈ ಸೊಪ್ಪು ಒಸಿ ಮುಟ್ಟಿ ನೋಡು. ಒಣಗೈತಾ?” ಎಂದು ಕೇಳುವಳು. ಜನ್ಮದಲ್ಲಿ ಸೊಪ್ಪು ಕೊಯ್ಯದ ನಾನು ಮುಟ್ಟಿ, “ಒಣಗೈತೆ ಕಣಕ್ಕ” ಅನ್ನುತ್ತಿದ್ದೆ. ಮೂರು ಸಲ ಹಾಗೆ ಮಾಡಿದೆ. ನಾಲ್ಕನೇ ಸಲ ಎಲೆ ಕೈಯಲ್ಲಿ ಹಿಡಿದಾಗ ತಡೆಯಲಾಗಲಿಲ್ಲ. ಕರ್ನಲ್, ಪಿನ್ನು, ಎಪ್ಪತ್ತು, ಎಲ್ಲ ಹೇಳಿಬಿಟ್ಟೆ.

ಅಕ್ಕ ಬೈಯಲಿಲ್ಲ. ಕುಕ್ಕೆಯ ಮೇಲೆ ಗೋಣಿ ಮುಚ್ಚಿ, ಕೈ ಒರೆಸಿಕೊಂಡು, “ಅವರ್ಗೆಲ್ಲ ನನ್ ತಪ್ಪು ಅಂತ ಹೇಳಿವ್ನಿ. ಈಗ ನೀನೋಗಿ ಹೇಳ್ಬುಟ್ ಬಾ” ಅಂದಳು. ಅಷ್ಟೇ.

ಹತ್ತಿರದ ರೈತರಿಗೆಲ್ಲ ಒಂದೇ ದಿನದಲ್ಲಿ ಹೇಳಿ ಮುಗಿಸಿದೆ. ಅವರು ಆಗಲೇ ಈ ತಂಡದ ಚಾಕಿಗೆ ಅಕ್ಕನಿಗೇ ಹೇಳಿಟ್ಟಿದ್ದರು, ನನ್ನ ಮಾತು ಯಾರಿಗೂ ಬೇಕಿರಲಿಲ್ಲ. ಉಳಿದವರು ತಿಪ್ಪಸಂದ್ರದ ಕಡೆಯ ಒಬ್ಬ ಹಿರಿಯ ರೈತರು. ದಾರಿಯಲ್ಲಿ ಬೇಕಾದಷ್ಟು ಚಾಕಿ ಮನೆ ಇದ್ದರೂ ಮಾಗಡಿ ದಾಟಿ ಅಷ್ಟು ದೂರದಿಂದ ಅಕ್ಕನ ಹತ್ತಿರವೇ ಬರುತ್ತಿದ್ದವರು. ಆ ದಿನದ ನಂತರ ಬಂದಿರಲಿಲ್ಲ. ಬೈಕಿನಲ್ಲಿ ಹೋದೆ. ಅವರು ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕೂತು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಕರ್ನಲ್ ಅಂದರೇನೆಂದು ಕೇಳಲಿಲ್ಲ.

“ಸೊಪ್ಪು ನೆಂದಿತ್ತು ಅಂದಾಗ್ಲೇ ನಾನು ನಂಬ್ನಿಲ್ಲ ಕಣಪ್ಪ. ಹತ್ತು ವರ್ಷದಿಂದ ನೋಡಿವ್ನಿ, ಅವಮ್ಮ ನೆಂದ ಸೊಪ್ಪು ಹಾಕೋರಲ್ಲ. ಹುಳಕ್ಕೆ ಯಾವುದೋ ರೋಗ ಬಂದೈತೆ, ಮುಚ್ಚಿಡ್ತಾವ್ರೆ ಅನ್ಕಂಡೆ. ಅದ್ಕೇ ಬಿಟ್ಬುಟ್ಟೆ” ಅಂದರು.

“ಈಗ ಗೊತ್ತಾಯ್ತಲ್ಲ ಯಜಮಾನ್ರೇ. ಮುಂದಿನ ತಂಡಕ್ಕೆ ಬನ್ನಿ” ಅಂದೆ.

“ಬೇರೆ ಕಡೆ ಮಾತು ಕೊಟ್ಬುಟ್ಟಿವ್ನಿ. ಒಂದ್ ಮಾತು ಆವತ್ತೇ ಅಂದಿದ್ರೆ ಆಗೋಗ್ತಿತ್ತು” ಎಂದು ಅವರು ಎದ್ದು ತೋಟದೊಳಕ್ಕೆ ಹೋದರು.

ಚಾಕಿ ಮನೆಗೆ ವಾಪಸ್ಸು ಬಂದಾಗ ಅಕ್ಕ ತಟ್ಟೆ ತೊಳೆಯುತ್ತಿದ್ದಳು. ಏನಂದರು ಎಂದು ಕೇಳಿದಳು. ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು, ಒಳ್ಳೆಯ ಸುಳ್ಳು. ನುಂಗಿಕೊಂಡು, ಅವರು ಅಂದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ನಲ್ಲಿ ನಿಲ್ಲಿಸಿದಳು.

“ಸೊಪ್ಪು ನೆಂದಿರ್ನಿಲ್ಲ ಅಂತ ಅವ್ರಿಗೆ ಗೊತ್ತಿತ್ತಾ?”

“ಗೊತ್ತಿತ್ತಂತೆ ಕಣಕ್ಕ.”

ಅವಳು ತನ್ನ ಒದ್ದೆ ಕೈಯನ್ನೇ ನೋಡುತ್ತ ನಿಂತಳು. “ನಂಗೇ ಗೊತ್ತಿರ್ನಿಲ್ವಲ್ಲೋ” ಅಂದಳು.