ಹತ್ತಿ ಮುಟ್ಟಿದರೆ ಅಳುವವನು

ಕೈ ಮುರಿದದ್ದಕ್ಕೆ ನನಗೆ ನಾಚಿಕೆಯಾಗಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಉಗಾರದ ರಸ್ತೆಯ ತುಂಬ ಟ್ರೇಲರಿನಿಂದ ಉದುರಿದ ಕಬ್ಬು ಗಾಲಿಗೆ ಸಿಕ್ಕು ಜಜ್ಜಿ ಹೋಗಿ, ಎಣ್ಣೆ ಚೆಲ್ಲಿದ ಹಾಗೆ ಜಾರುತ್ತಿರುತ್ತದೆ. ಅದರ ಮೇಲೆ ಒಮ್ಮೆಯಾದರೂ ಬೈಕಿನಿಂದ ಬೀಳದವನು ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಇರಲಿಕ್ಕಿಲ್ಲ. ನಾನೂ ಡ್ಯೂಟಿ ಮುಗಿಸಿ ಬರುವಾಗ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ನಾನು ವೆಲ್ಡಿಂಗ್ ಮಾಡುವವನು, ಕೈಯೇ ನನ್ನ ಅನ್ನ. ಪ್ಲಾಸ್ಟರ್ ಹಾಕಿದರು. ಮಾತಾಡಿಸಲು ಬಂದವರು ಬಾಳೆಹಣ್ಣು, ಬಿಸ್ಕಿಟ್ ಪುಡಿಕೆ ತಂದು, ಪ್ಲಾಸ್ಟರಿನ ಮೇಲೆ ಬೆರಳಿನಿಂದ ಬಡಿದು ನೋಡಿ, "ಗಟ್ಟಿ ಹಾಕ್ಯಾರ ಬಿಡು, ಏನ್ ಆಗೂದಿಲ್ಲ" ಎಂದು ಚಹಾ ಕುಡಿದು ಹೋದರು.

ನಾಚಿಕೆ ಶುರುವಾದದ್ದು ಪ್ಲಾಸ್ಟರ್ ಬಿಚ್ಚಿದ ಮೇಲೆ. ಎಲುಬು ಚೆಂದಾಗಿ ಕೂಡಿತ್ತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು, ನನ್ನಂಥವನಿಗೂ ತಿಳಿಯುವಷ್ಟು ಸ್ಪಷ್ಟವಾಗಿತ್ತು. ಆದರೆ ಕೈ ಉರಿಯತೊಡಗಿತು. ಸಾದಾ ಉರಿಯಲ್ಲ, ಹಸಿ ಗಾಯಕ್ಕೆ ಖಾರದ ಪುಡಿ ಸವರಿದಂಥ ಉರಿ. ಫ್ಯಾನಿನ ಗಾಳಿ ತಾಗಬಾರದು, ಅಂಗಿಯ ತೋಳು ತಾಗಬಾರದು, ನೀರಿನ ಹನಿ ಬಿದ್ದರೂ ಜೀವ ಹೋಗುತ್ತಿತ್ತು. ಎಲುಬು ಕೂಡಿದ ಮೇಲೆ ನೋವು ಎಲ್ಲಿಂದ ಬಂತು ಅಂತ ಕೇಳಿದವರಿಗೆ ನಾನು ಏನು ಹೇಳಲಿ? ಬರುವವರು ಈಗಲೂ ಬರುತ್ತಿದ್ದರು. ಮೊದಲು ಕೈ ನೋಡುತ್ತಿದ್ದರು, ಆಮೇಲೆ ನನ್ನ ಮುಖ ನೋಡುತ್ತಿದ್ದರು. ನಮ್ಮ ಸೋದರಮಾವನೇ ಹೊರಗೆ ಕಟ್ಟೆಯ ಮೇಲೆ ಕೂತು, "ಡ್ಯೂಟಿ ತಪ್ಪಸಾಕ ಸ್ವಾಂಗ ಮಾಡಾಕತ್ತಾನೇನ ಇಂವ?" ಅಂದದ್ದು ಒಳಗೆ ಮಲಗಿದ್ದ ನನ್ನ ಕಿವಿಗೆ ಬಿತ್ತು. ಎದ್ದು ಹೋಗಿ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಹಿಡಿಯಲಿಕ್ಕೆ ಕೈ ಬೇಕಲ್ಲ!

ಆಮೇಲೆ ನಾನು ಕೈಗೆ ಮೆತ್ತಗಿನ ಹಳೆ ಟವೆಲ್ ಸುತ್ತಿಕೊಂಡು ಕೂಡಲು ಶುರು ಮಾಡಿದೆ. ಗಾಳಿ ತಾಗದಿರಲಿ ಎಂಬುದು ನೆಪ. ನಿಜವೆಂದರೆ ಬಂದವರಿಗೆ ನೋಡಲು ಏನಾದರೂ ಇರಲಿ ಎಂದು. ಮನೆಯವರೂ ಆ ಕೈಯನ್ನು ದೇವರ ಹಾಗೆ ಕಾಯ್ದರು. ಹೆಂಡತಿ ತುತ್ತು ಮಾಡಿ ಉಣಿಸಿದಳು. ಮದುವೆ ಮುಂಜಿಗಳ ಪಂಗತಿಯಲ್ಲಿ ಕೂತು ಎಡಗೈಯಿಂದ ಉಣ್ಣುವುದಾಗದೆ ಹೋಗುವುದನ್ನೇ ಬಿಟ್ಟೆ. ಕೈ ದಿನದಿನಕ್ಕೆ ಇನ್ನಷ್ಟು ಕೆಟ್ಟಿತು.

ನನ್ನ ಮಗಳಿಗೆ ಆಗ ಮೂರು ತುಂಬಿರಲಿಲ್ಲ. ಡ್ಯೂಟಿಯಿಂದ ಬಂದವನ ಬೆರಳು ಹಿಡಿದು ಓಣಿ ಸುತ್ತಿಸುವುದು ಅವಳ ರೂಢಿ. ಒಂದು ಸಂಜೆ ಟವೆಲ್ ಬಿಚ್ಚಿಟ್ಟು ಕಣ್ಣು ಮುಚ್ಚಿ ಕೂತಿದ್ದೆ. ಓಡಿ ಬಂದವಳೇ ಎರಡು ಬೆರಳು ಗಟ್ಟಿಯಾಗಿ ಹಿಡಿದಳು. ನಾನು ಚೀರಿದೆ. ಎಂಥ ಚೀರು ಅಂದರೆ ಬಾಜೂ ಮನೆಯವರು ಹಾವು ಕಡಿಯಿತೆಂದು ಬಡಿಗೆ ತಗೊಂಡು ಬಂದರು. ಎಡಗೈಯಿಂದ ನೂಕಿದ್ದಕ್ಕೆ ಕೂಸು ಹೊಸ್ತಿಲಿಗೆ ಬಿದ್ದು ಹಣೆ ಬಾತಿತ್ತು. ಬಡಿಗೆ ಹಿಡಿದ ಗಂಡಸರು ನನ್ನನ್ನೂ ಅವಳನ್ನೂ ನೋಡಿ, ಬಡಿಗೆ ಕೆಳಗಿಳಿಸಿ ತಿರುಗಿ ಹೋದರು. ಹೆಂಡತಿ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ನನ್ನನ್ನು ಒಂದು ಮಾತು ಬೈಯಬಾರದಿತ್ತೇ! ಬೈದಿದ್ದರೆ ನನಗೂ ಬೈಯಲು ಬರುತ್ತಿತ್ತು. ಥೂ ನನ್ನ ಜನ್ಮಕ್ಕೆ ಎಂದುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತೆ.

ಇದಕ್ಕೆ ಉಪಾಯ ಹುಡುಕಿದವಳು ನಮ್ಮವ್ವ. ನಮ್ಮ ಕಡೆ ಮಕ್ಕಳನ್ನು ಹೆದರಿಸಲು ಬಾಗುಲಬುವಾ ಅಂತ ಒಬ್ಬನಿದ್ದಾನೆ. ಗಡಿಯ ಆಚೆ ಮರಾಠಿಯವರ ಮನೆಯಲ್ಲೂ ಅವನೇ, ಈಚೆ ನಮ್ಮ ಮನೆಯಲ್ಲೂ ಅವನೇ. ಉಣ್ಣದ ಕೂಸಿಗೆ ಕಾಳಿನ ಚೀಲದ ಹಿಂದೆ ಇರುತ್ತಾನೆ, ಬಾವಿಯ ಹತ್ತಿರ ಹೋಗುವ ಕೂಸಿಗೆ ಬಾವಿಯಲ್ಲಿ ಇರುತ್ತಾನೆ. ಅವ್ವ ಅವನನ್ನು ತಂದು ನನ್ನ ಕೈಯಲ್ಲಿ ಕೂರಿಸಿದಳು.

"ಅಪ್ಪಾನ ಆ ಕೈಯಾಗ ಬಾಗುಲಬುವಾ ಕುಂತಾನವ್ವಾ. ಮುಟ್ಟೀದಿ ಅಂದ್ರ ಕಡೀತಾನ."

ಮಗಳು ನನ್ನನ್ನು ನೋಡಿದಳು. ಅವ್ವನೂ ನೋಡಿದಳು, ಹೂಂ ಅನ್ನು ಎಂಬಂತೆ.

"ಹೂಂ, ಅದಾನ" ಎಂದೆ.

ಮತ್ತೇನು ಹೇಳಬೇಕಿತ್ತು? ನಿನ್ನ ಕೈ ತಾಗಿದರೆ ನಿಮ್ಮಪ್ಪನಿಗೆ ತಡೆಯುವುದಿಲ್ಲ ಅಂತ ಆ ಕೂಸಿಗೆ ಯಾವ ಬಾಯಿಂದ ಹೇಳಲಿ? ಉಪಾಯವೇನೋ ಫಲಿಸಿತು. ಅವಳು ನನ್ನ ಬಲಗಡೆ ಬರುವುದನ್ನೇ ಬಿಟ್ಟಳು. ಮನೆಯಲ್ಲಿ ಎಲ್ಲರಿಗೂ ನಿರಾಳವಾಯಿತು.

ಕಡೆಗೆ ಯಾರೋ ಹೇಳಿದರೆಂದು ಚಿಕ್ಕೋಡಿಯ ಒಂದು ಆಸ್ಪತ್ರೆಗೆ ಹೋದೆ. ಅಲ್ಲಿ ವ್ಯಾಯಾಮ ಮಾಡಿಸುವ ದೊಡ್ಡ ಕೋಣೆ. ಲಕ್ವಾ ಹೊಡೆದವರು ಗೋಡೆ ಹಿಡಿದು ನಡೆಯುತ್ತಿದ್ದರು, ಸೊಂಟ ಬಿದ್ದವರು ಚಾಪೆಯ ಮೇಲೆ ಕಾಲು ಎತ್ತುತ್ತಿದ್ದರು. ಅಲಖನೂರಿನ ಒಬ್ಬ ರೈತ, ಸಕ್ಕರೆ ಕಾಯಿಲೆಯಿಂದ ಮೊಣಕಾಲಿನ ಮೇಲಕ್ಕೆ ಒಂದು ಕಾಲು ಕತ್ತರಿಸಿಕೊಂಡವನು, ಬೆಂಚಿನ ಮೇಲೆ ರಾಜನ ಹಾಗೆ ಕೂತಿದ್ದ. ಅಂಥವರ ನಡುವೆ ನಾನು ಇಡಿಯ ಕೈ ಇಟ್ಟುಕೊಂಡು ಕೂತೆ. ವ್ಯಾಯಾಮ ಕಲಿಸುವ ಹುಡುಗವಯಸ್ಸಿನ ಸರ್ ನನ್ನ ಟವೆಲ್ ಬಿಚ್ಚಿಸಿ, ಒಂದು ಹಿಡಿ ಹತ್ತಿ ಕೊಟ್ಟು, ನೋಯುವ ಕೈಯ ಮೇಲೆ ಮೆಲ್ಲಗೆ ಸವರಿಕೋ ಅಂದರು. ಸವರಿದೆ. ಕಣ್ಣಿಂದ ನೀರು ದಳದಳ ಇಳಿಯಿತು. ಕೋಣೆಯಲ್ಲಿದ್ದವರೆಲ್ಲ ವ್ಯಾಯಾಮ ನಿಲ್ಲಿಸಿ ನೋಡಿದರು.

"ಏನಪಾ, ಹತ್ತಿ ಮುಟ್ಟಿದ್ರ ಅಳಾಕತ್ತಿ?" ಅಂದ ಅಲಖನೂರಿನವನು. "ಮನ್ಯಾಗ ಹೇಣ್ತಿ ಬಡದ್ರ ಏನ್ ಮಾಡ್ತಿ?"

ಎಲ್ಲರೂ ನಕ್ಕರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವನು ಬೆಂಚಿನ ಮೇಲೆಯೇ ಸರಿದು ನನ್ನ ಬಾಜೂಕ್ಕೆ ಬಂದು ಕೂತ.

"ಸಿಟ್ಟಾಗಬ್ಯಾಡ ತಮ್ಮಾ. ನಂದು ಕೇಳಿಲ್ಲಿ. ಕಾಲ ಕಡದು ಒಗದಾರ, ಆದ್ರ ಹೆಬ್ಬೆರಳ ಇನ್ನಾ ಉರೀತೈತಿ. ಕೆರಕೋಬೇಕಂತ ಕೈ ಹಾಕಿದ್ರ ಬರೇ ಹಾಸಗಿ ಸಿಗತೈತಿ. ನಿಂದು ಇದ್ದದ್ದು ನೋಯ್ತೈತಿ, ನಂದು ಇಲ್ಲದ್ದು ನೋಯ್ತೈತಿ. ನಮ್ಮನ್ನ ಯಾರ ನಂಬಬೇಕು ಹೇಳು?"

ನಾನು ಅಳುತ್ತಳುತ್ತಲೇ ನಕ್ಕೆ. ಮನೆಯವರನ್ನು ಬಿಟ್ಟರೆ ಅಷ್ಟು ದಿನದಲ್ಲಿ ನನ್ನ ಕೈ ನಿಜವಾಗಿಯೂ ನೋಯುತ್ತದೆಂದು ನಂಬಿದ ಮೊದಲನೆಯವನು ಅವನು.

ಸರ್ ಹೇಳಿದ್ದು ಇಷ್ಟೇ: ಕಾಯ್ದಷ್ಟೂ ಕೈ ಕೆಡುತ್ತದೆ. ಹತ್ತಿ, ಅರಿವೆ, ರವೆ, ಜೋಳ, ಹೀಗೆ ಒಂದೊಂದೇ ತಾಗಿಸುತ್ತ ಹೋಗಬೇಕು. ತಾಗಿದ್ದೆಲ್ಲ ಬೆಂಕಿಯಲ್ಲ ಎಂದು ಕೈ ಮತ್ತೆ ಕಲಿಯಬೇಕು. ಆಮೇಲೆ ಕೇಳಿದರು, "ಮನ್ಯಾಗ ಸಣ್ಣ ಮಕ್ಕಳ ಅದಾರೇನ್ರಿ? ಇದ್ರ ಚಲೋ ಆತು. ಅವ್ರ ಕೈಯಾಗ ಕೈ ಕೊಡ್ರಿ. ಆಡ್ಕೋತ ಮುಟ್ಟಲಿ."

"ಯಾರೂ ಇಲ್ರಿ" ಎಂದೆ.

ಹಾಗೆ ಬಾಯಿಗೆ ಬಂದುಬಿಟ್ಟಿತು. ಮಗಳಿದ್ದಾಳೆ ಅಂದರೆ, ಯಾಕೆ ಮುಟ್ಟುವುದಿಲ್ಲ ಅಂತ ಕೇಳುತ್ತಿದ್ದರು. ಬಸ್ಸಿನಲ್ಲಿ ಕೃಷ್ಣಾ ದಾಟಿ ಬರುವಾಗ ಅದೇ ಮಾತು ಮತ್ತೆ ನೆನಪಾಯಿತು. ಬದುಕಿರುವ ಮಗಳನ್ನು ಇಲ್ಲ ಅಂದಿದ್ದೆನಲ್ಲ.

ಚಳಿಗಾಲ ಹೋಯಿತು, ಬ್ಯಾಸಿಗೆ ಹೋಯಿತು. ಹತ್ತಿಯಿಂದ ರವೆಗೆ, ರವೆಯಿಂದ ಜೋಳಕ್ಕೆ ಬಂದೆ. ಬೋಗುಣಿಯ ಜೋಳದಲ್ಲಿ ಮಣಿಕಟ್ಟಿನವರೆಗೆ ಕೈ ಇಳಿಸಿ ಹಲ್ಲು ಕಚ್ಚಿ ಕೂತಿರುತ್ತಿದ್ದೆ. ಮಗಳು ಬಾಗಿಲ ಮರೆಯಿಂದ ನೋಡುತ್ತಿದ್ದಳು. ಟವೆಲ್ ಒಲೆ ಒರೆಸುವ ಅರಿವೆಯಾಯಿತು. ನಾನು ಮತ್ತೆ ಡ್ಯೂಟಿಗೆ ಹೋದೆ. ಥಂಡಿ ನೀರು ತಾಗಿದಾಗ ಒಂದಿಷ್ಟು ಜುಮುಜುಮು, ಅಷ್ಟೇ. ಒಂದು ದಿನ ಮಗಳನ್ನು ಕರೆದು ಬಲಗೈ ಚಾಚಿದೆ.

"ಬಾ ಇಲ್ಲಿ. ಬಾಗುಲಬುವಾ ಹ್ವಾದ."

"ಎಲ್ಲಿ ಹ್ವಾದ?"

"ಚಿಕ್ಕೋಡಿಗೆ ಬಿಟ್ಟ ಬಂದೇನಿ."

ಅವಳು ಯೋಚನೆ ಮಾಡಿದಳು. "ಚಿಕ್ಕೋಡಿ ಬಸ್ಸ ದಿನಾ ಬರತೈತಲ್ಲ" ಅಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಅವ್ವ ಬಿದ್ದು ಬಿದ್ದು ನಕ್ಕಳು. ನನಗೂ ನಗು ಬಂತು. ಇವತ್ತಲ್ಲ ನಾಳೆ ಮರೆಯುತ್ತಾಳೆ ಅಂದುಕೊಂಡೆ.

ಮಳೆಗಾಲದಲ್ಲಿ ಅವಳನ್ನು ಅಂಗನವಾಡಿಗೆ ಹಚ್ಚಿದೆವು. ಮೊದಲನೆಯ ದಿನ ಕರೆದುಕೊಂಡು ಬರಲು ನಾನೇ ರಜೆ ಹಾಕಿ ಹೋದೆ. ಬಾಗಿಲಲ್ಲಿ ನಾಲ್ಕಾರು ತಾಯಂದಿರು ನಿಂತಿದ್ದರು. ಅಂಗನವಾಡಿಯ ಅಕ್ಕೋರು ಮಗಳ ಪುಟ್ಟ ಕೈಯನ್ನು ತಂದು ನನ್ನ ಬಲಗೈಯಲ್ಲಿ ಇಡಲು ಬಂದರು. ನಾನು ಕೈ ಚಾಚಿ ಬಗ್ಗಿದೆ. ಮಗಳು ಸರಕ್ಕನೆ ಕೈ ಬಿಡಿಸಿಕೊಂಡು, ನನ್ನನ್ನು ಸುತ್ತು ಹಾಕಿ ಎಡಕ್ಕೆ ಬಂದಳು. ಅವಳಿಗೆ ಅಂಜಿಕೆಯೂ ಇರಲಿಲ್ಲ, ಅಳುವೂ ಇರಲಿಲ್ಲ. ದೊಡ್ಡವರಿಗೆ ತಿಳಿಸಿ ಹೇಳುವ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಅಂದಳು:

"ಆ ಕೈ ಬ್ಯಾಡ್ರಿ ಅಕ್ಕೋರ. ಅದ ನಮ್ಮಪ್ಪಂದಲ್ಲ."

ತಾಯಂದಿರು ನಕ್ಕರು. ಅಕ್ಕೋರು ನನ್ನ ಮುಖ ನೋಡಿದರು. ಮಗಳು ಎಡಗೈ ಹಿಡಿದು ಏನೇನೋ ಹೇಳುತ್ತ ನನ್ನನ್ನು ಎಳೆದುಕೊಂಡು ಹೊರಟಳು. ಬಲಗೈ ಆವತ್ತು ಒಂದಿಷ್ಟೂ ನೋಯುತ್ತಿರಲಿಲ್ಲ. ಅದನ್ನು ಎಲ್ಲಿ ಇಡಬೇಕೋ ತಿಳಿಯದೆ ಪ್ಯಾಂಟಿನ ಜೇಬಿನಲ್ಲಿ ಹಾಕಿಕೊಂಡು ನಡೆದೆ.