ಪ್ಲಾಸ್ಟಿಕ್ ಚೂರಿನ ಕಲ್ಲು, ವೆಂಕಟರವಣಪ್ಪ ಮೇಸ್ತ್ರಿ

ವೆಂಕಟರವಣಪ್ಪ ಮೇಸ್ತ್ರಿ ಕೆಂಚಾರ್ಲಹಳ್ಳಿಯ ಕಸದ ಶೆಡ್ಡಿಗೆ ಮೊದಲ ಸಲ ಬಂದ ದಿನ ಗಂಗುಲಮ್ಮ ಹಾಲಿನ ಕವರು ತೊಳೆಯುತ್ತಿದ್ದಳು. ಒಂದು ನೀರು ಸೋಪಿನದು, ಎರಡು ನೀರು ಬರಿಯದು, ಆಮೇಲೆ ತಂತಿಯ ಮೇಲೆ ಒಣಗಲು. ಮೇಸ್ತ್ರಿ ಅವಳನ್ನು ನೋಡಲೂ ಇಲ್ಲ. ನೇರ ಮೂಲೆಗೆ ಹೋಗಿ, ಯಂತ್ರದಲ್ಲಿ ಕತ್ತರಿಸಿಟ್ಟ ಪ್ಲಾಸ್ಟಿಕ್ ಚೂರಿನ ಚೀಲಕ್ಕೆ ಕೈಹಾಕಿ, ಒಂದು ಹಿಡಿ ಎತ್ತಿ ಬೆರಳ ಸಂದಿಯಿಂದ ಉದುರಿಸಿದ.

"ನಲವತ್ತೆರಡು ವರ್ಷ ಆಯ್ತಮ್ಮ ಕರಣೆ ಹಿಡಿದು. ಕಲಸಿದ ಮಾಲಿಗೆ ಒಂದು ಹುಲ್ಲುಕಡ್ಡಿ ಬಿದ್ರೂ ಎತ್ತಿ ಬಿಸಾಕ್ದೋನು ನಾನು. ಈಗ ಇದನ್ನ ಸುರಿ ಅಂತಾರೆ."

ಹಾಗೆಂದವನು ಹೊರಟುಹೋಗಲಿಲ್ಲ, ಅಲ್ಲೇ ಕುಕ್ಕರಗಾಲಲ್ಲಿ ಕೂತ. ಅಂಗನವಾಡಿ ಬಾಗಿಲಿಂದ ರಸ್ತೆಯವರೆಗೆ ಮಳೆ ಬಂದರೆ ಕೆಸರು. ಊರಿನ ಪ್ಲಾಸ್ಟಿಕ್ಕನ್ನು ಸಿಮೆಂಟಿಗೆ ಸೇರಿಸಿ ಕಲ್ಲು ಎರೆದು ಅಲ್ಲಿ ಹಾಸಬೇಕೆಂದು ಪಂಚಾಯಿತಿಯಲ್ಲಿ ತೀರ್ಮಾನವಾಗಿತ್ತು. ಚಿಂತಾಮಣಿಯಿಂದ ಬರುತ್ತಿದ್ದ ಎಂಜಿನಿಯರ್ ಶ್ರೀವಿದ್ಯಾ ಐದು ಬಾಂಡ್ಲಿ ಮಾಲಿಗೆ ಒಂದು ಸೇರು ಚೂರು ಎಂದು ಅಳತೆ ಬರೆದುಕೊಟ್ಟಿದ್ದಳು. ಕಲ್ಲನ್ನು ಯಂತ್ರದಲ್ಲಿ ಒತ್ತಿ ನೋಡುತ್ತಾರೆ, ತಡೆಯದಿದ್ದರೆ ಬೇರೆ ಕಡೆಯಿಂದ ಕಲ್ಲು ತರಿಸುತ್ತಾರೆ. ತನ್ನ ಕೈಯಲ್ಲಿ ಎರೆದದ್ದು ಒಡೆಯುವುದಿಲ್ಲ ಎಂದು ಮೇಸ್ತ್ರಿ ನಾಲ್ಕು ಜನರ ಮುಂದೆ ಮಾತು ಕೊಟ್ಟುಬಿಟ್ಟಿದ್ದ. ಇಷ್ಟವಿಲ್ಲದ ಕೆಲಸಕ್ಕೆ ಯಾಕೆ ಒಪ್ಪಿದ್ದೆಂದು ಗಂಗುಲಮ್ಮ ಕೇಳಿದ್ದಕ್ಕೆ, ಅಂಗನವಾಡಿಗೆ ತಳಪಾಯ ಹಾಕಿದ್ದು ನಾನು, ಅದರ ಬಾಗಿಲಿಗೆ ಬೇರೆಯವರ ಕೈ ಯಾಕೆ ಎಂದ.

ಗಂಗುಲಮ್ಮ ಪ್ಲಾಸ್ಟಿಕ್ಕನ್ನು ಬೇರೆ ಮಾಡುತ್ತಿದ್ದದ್ದು ಕಿವಿಯಿಂದ. ಹಿಸುಕಿದರೆ ಹಾಲಿನ ಕವರು ಸದ್ದೇ ಮಾಡುವುದಿಲ್ಲ, ಚಿಪ್ಸಿನ ಪೊಟ್ಟಣ ಚರಚರ ಎನ್ನುತ್ತದೆ, ಪೈಪಿನ ತುಂಡು ಟಕ್ಕೆಂದು ಮುರಿಯುತ್ತದೆ. ಕಸಕ್ಕೂ ಸಂಗೀತ ಹೇಳಿಕೊಡ್ತೀಯಲ್ಲಮ್ಮ ಎಂದು ಮೇಸ್ತ್ರಿ ಅಣಕಿಸಿದ. ಆದರೆ ಅಚ್ಚಿನಿಂದ ತೆಗೆದ ಕಲ್ಲು ಒಣಗಿದ ಮೇಲೆ ಅವನೂ ಒಂದು ಕಂಬಿಯ ತುಂಡಿನಿಂದ ತಟ್ಟಿ, ಬಗ್ಗಿ ಕಿವಿ ಕೊಡುತ್ತಿದ್ದ. ಬರೀ ಬಲಗಿವಿ. ಎಡಗಿವಿ ಕಾಂಕ್ರೀಟ್ ಮಿಕ್ಸರಿನ ಪಕ್ಕದಲ್ಲಿ ನಿಂತು ನಿಂತು ಎಂದೋ ಹೋಗಿತ್ತು. ಅದನ್ನು ಕಂಡಾಗಿನಿಂದ ಅವನ ಅಣಕ ಅವಳಿಗೆ ನಾಟುತ್ತಿರಲಿಲ್ಲ.

ಆ ತಿಂಗಳು ರೇಷ್ಮೆ ಬೆಳೆ ಮುಗಿಸಿದವರು ಹುಳು ಮನೆಯ ಹಳೆಯ ಪ್ಲಾಸ್ಟಿಕ್ ಹಾಳೆಗಳನ್ನು ತಂದು ಹಾಕಿದರು. ಹಾಳೆಯ ತುಂಬ ಸುಣ್ಣದ ಪುಡಿ. ಗಂಗುಲಮ್ಮ ಗಂಡ ಇದ್ದಾಗಲೂ ಹೋದ ಮೇಲೂ ಮೂವತ್ತು ವರ್ಷ ಹುಳು ಸಾಕಿದವಳು. ಹುಳು ಮನೆಯಲ್ಲಿ ಸುಣ್ಣವೇ ಮಡಿ. ಹುಳು ಪೊರೆ ಬಿಡಲು ಜ್ವರಕ್ಕೆ ಕೂತರೆ ಸುಣ್ಣ, ತಟ್ಟೆ ಒದ್ದೆಯಾದರೆ ಸುಣ್ಣ. ಹಾಲಿನ ಕವರನ್ನು ಮೂರು ಸಲ ತೊಳೆಯುವವಳಿಗೆ ಸುಣ್ಣವನ್ನು ತೊಳೆಯಬೇಕೆಂದು ಹೊಳೆಯಲೇ ಇಲ್ಲ. ಒಂದು ಸಲ ಕೊಡವಿ ಯಂತ್ರಕ್ಕೆ ಕೊಟ್ಟಳು.

ಎರೆದ ಕಲ್ಲಿಗೆ ಗೋಣಿಚೀಲ ಹೊದಿಸಿ ಇಪ್ಪತ್ತೆಂಟು ದಿನ ನೀರು ಕುಡಿಸಿದರು. ಆರು ಕಲ್ಲು ಚಿಕ್ಕಬಳ್ಳಾಪುರದ ಕಾಲೇಜೊಂದಕ್ಕೆ ಹೋದವು. ಎರಡು ತಡೆದವು, ನಾಲ್ಕು ಬೇಗನೆ ಒಡೆದವು.

ಶ್ರೀವಿದ್ಯಾ ಒಡೆದ ತುಂಡುಗಳನ್ನು ತಂದು ಶೆಡ್ಡಿನ ಮುಂದೆ ಇಟ್ಟಳು. ಮೇಸ್ತ್ರಿ ಉಗುರಿನಿಂದ ಕೆರೆದ. ಚೂರು ಹಾಗೇ ಕಳಚಿ ಬಂತು. ಅದು ಕೂತಿದ್ದ ಜಾಗದಲ್ಲಿ ಬೆಳ್ಳಗೆ ಪುಡಿ. ಅವನು ಪುಡಿಯನ್ನು ನೋಡಿದ, ಗಂಗುಲಮ್ಮನನ್ನು ನೋಡಿದ, ಆಮೇಲೆ ಎಂಜಿನಿಯರಮ್ಮನ ಕಡೆ ತಿರುಗಿ, ಕಲಸುವಾಗ ನೀರು ಜಾಸ್ತಿಯಾಯಿತು, ತಪ್ಪು ತನ್ನ ಕೈಯದು, ಇನ್ನೊಂದು ಸಲ ಬಿಡಿ ಎಂದ. ಅವಳು ಒಂದೂವರೆ ತಿಂಗಳು ಕೊಟ್ಟಳು, ಅದೇ ಕೊನೆಯದೆಂದಳು. ಸಂಜೆಗೆಲ್ಲ ಟೀ ಅಂಗಡಿಯ ಗಂಗುಲಪ್ಪ, ಮೇಸ್ತ್ರಿಗೆ ನೀರು ಯಾವುದು ಮಾಲು ಯಾವುದು ಗೊತ್ತಾಗದ ವಯಸ್ಸು ಬಂತು ಎಂದು ಊರಿಗೆಲ್ಲ ಹಂಚಿದ್ದ.

ಮಾರನೆಯ ಬೆಳಿಗ್ಗೆ ಗಂಗುಲಮ್ಮ ಶೆಡ್ಡಿನ ಬಾಗಿಲಲ್ಲೇ ಮೇಸ್ತ್ರಿಯನ್ನು ತಡೆದಳು.

"ಅಣ್ಣ, ಸುಣ್ಣದ ಹಾಳೆ ನಾನು ತೊಳೀಲಿಲ್ಲ."

"ಗೊತ್ತು ಕಣಮ್ಮ. ಚೂರಿಗೆ ಪುಡಿ ಮೆತ್ತಿದ್ರೆ ಸಿಮೆಂಟು ಆ ಪುಡೀನ ಹಿಡ್ಕೊಳ್ತದೆ, ಚೂರನ್ನಲ್ಲ. ಕಲಸೋನು ನಾನು ನೋಡ್ಬೇಕಾಗಿತ್ತು."

"ನಿಮ್ಮ ಹೆಸರು ಹೋಯ್ತಲ್ಲಣ್ಣ."

"ಚೂರು ಸರಿಯಿಲ್ಲ ಅಂದಿದ್ರೆ ಶೆಡ್ಡಿಗೆ ಬೀಗ ಹಾಕೋರು. ನನ್ ಕೈ ಸರಿಯಿಲ್ಲ ಅಂದ್ರೆ ಇನ್ನೊಂದ್ಸಲ ಮಾಡು ಅಂತಾರೆ. ಸರಿ, ತೊಟ್ಟಿಗೆ ನೀರು ತುಂಬು."

ಅವಳು ನೀರು ತುಂಬಿದಳು. ಸುಣ್ಣದ ಹಾಳೆಗೆ ನಾಲ್ಕು ನೀರು. ಒಣಗಿದ ಮೇಲೆ ಒಂದೊಂದನ್ನೂ ತನ್ನ ಕಪ್ಪು ಸೆರಗಿಗೆ ಉಜ್ಜಿ, ಬಿಳಿ ಹತ್ತಿದರೆ ಮತ್ತೆ ತೊಟ್ಟಿಗೆ. ಈ ಸಲ ಆರಕ್ಕೆ ಆರೂ ಕಲ್ಲು ತಡೆದವು. ಶ್ರೀವಿದ್ಯಾ ಬಂದಾಗ ಗಂಗುಲಮ್ಮ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಅದನ್ನೂ ಟೀ ಅಂಗಡಿಯ ಮುಂದೆ, ಗಂಗುಲಪ್ಪನಿಗೆ ಕೇಳುವ ಹಾಗೆ. ಎಂಜಿನಿಯರಮ್ಮ ನಕ್ಕು ತನ್ನ ಅಳತೆ ಚೀಟಿಯ ಕೆಳಗೆ 'ಸುಣ್ಣದ ಹಾಳೆ, ನಾಲ್ಕು ನೀರು' ಎಂದು ಬರೆದಳು. ಮೇಸ್ತ್ರಿ ಮಾತ್ರ ಎರಡು ದಿನ ಮುಖ ಊದಿಸಿಕೊಂಡಿದ್ದ. ಹೇಳದೆ ಇದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಎಂದು ಗೊಣಗಿದ.

ಅಂಗನವಾಡಿ ದಾರಿಯನ್ನು ಅವನೇ ಹಾಸಿದ. ಹಾಸಿದ ಕಲ್ಲನ್ನೆಲ್ಲ ತಟ್ಟಿದ.

ಮಾರನೆಯ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಬಲಗಿವಿಯೂ ಹೋಯಿತು, ಹಿಂದೆಯೇ ಒಂದು ಕಾಲು ಸ್ವಾಧೀನ ತಪ್ಪಿ ಹಾಸಿಗೆ ಹಿಡಿದ. ಆ ಹಾಸಿಗೆಯಿಂದ ಮತ್ತೆ ಏಳಲಿಲ್ಲ. ಅವನು ತೀರಿಕೊಳ್ಳುವುದಕ್ಕೆ ಮೂರು ದಿನ ಮುಂಚೆ ಗಂಗುಲಮ್ಮ ನೋಡಲು ಹೋಗಿದ್ದಳು. ಹಾಸಿ ಉಳಿದ ಒಂದು ಕಲ್ಲು ವರ್ಷವೆಲ್ಲ ಅಂಗನವಾಡಿ ಗೋಡೆಯ ಪಕ್ಕ ಮಳೆಬಿಸಿಲಲ್ಲಿ ಬಿದ್ದಿತ್ತು, ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಅವನ ತಲೆದಿಂಬಿನ ಪಕ್ಕ ಇಟ್ಟಳು. ಅವನು ಅಂಗೈಯಿಂದ ಅದರ ಅಂಚು ಸವರಿದ. ದಿಂಬಿನ ಕೆಳಗಿಂದ ಕಂಬಿಯ ತುಂಡು ತೆಗೆದು ಅವಳ ಕೈಗೆ ಕೊಟ್ಟ.

"ನಂಗೆ ಕೇಳಿಸ್ತಿಲ್ಲ ಕಣಮ್ಮ. ನೀನೇ ತಟ್ಟಿ ಹೇಳು, ಇನ್ನೂ ಗಟ್ಟಿ ಐತಾ?"