ಮಹಾನಂದಾಳ ಹಡಗಿನ ಪುಸ್ತಕ

ಗುರವ್ವ ಮಹಾನಂದಾಳ ಹೆಸರನ್ನು ಮೊದಲು ಕೇಳಿದ್ದು ಬಸುರಿ ಸೊಸೆಯ ಕುಬಸದ ದಿನ. ಮುರಗೋಡದ ಮನೆಯ ಪಡಸಾಲೆ ತುಂಬ ಹೆಂಗಸರು. ಗಂಡನನ್ನು ಕಳೆದುಕೊಂಡ ಮೇಲೆ ಗುರವ್ವ ಇಂಥ ಹೊತ್ತಿನಲ್ಲಿ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಬರಬೇಡ ಎಂದು ಯಾರೂ ಅಂದಿರಲಿಲ್ಲ, ಬಾ ಎಂದೂ ಅಂದಿರಲಿಲ್ಲ. ಹೋಳಿಗೆಗೆ ಹೂರಣ ಕಟ್ಟುತ್ತ ಕೂತಿದ್ದಳು, ಕಿವಿ ಮಾತ್ರ ಪಡಸಾಲೆಯಲ್ಲಿತ್ತು.

"ಆರತಿಗೆ ಐದು ಮಂದಿ ಮುತ್ತೈದೇರು ಬೇಕು, ನಾಕ ಅದಾರ. ಓಣಿ ತುದಿಗೆ ಬಾಡಗಿ ಬಂದಾಳಲ್ಲ, ರೊಟ್ಟಿ ಮಾರೋ ಮಹಾನಂದಾ, ಆಕಿನ್ನ ಕರೀರಿ" ಎಂದಳು ಒಬ್ಬಳು.

"ಆಕಿ ಹೆಂಗ ಆಗತಾಳ? ಗಂಡ ಸಮುದ್ರದಾಗ ಹೋಗ್ಯಾನಂತ."

"ಹೋಗಿದ್ದು ಯಾರ ನೋಡ್ಯಾರ? ಕೈ ತುಂಬ ಬಳಿ ಅದಾವ."

"ಬಳಿ ಏನ, ಬಳಿಗಾರನ ಕಡೇನೂ ಅದಾವ!" ಎಂದಳು ನೆರೆಮನೆಯ ಭಾಗೀರಥಿ. ಎಲ್ಲರೂ ನಕ್ಕರು. ಕರೆಯಲು ಯಾರೂ ಹೋಗಲಿಲ್ಲ.

ಮರುದಿನ ಗುರವ್ವ ಸೆರಗಿನಲ್ಲಿ ಎರಡು ಹೋಳಿಗೆ ಮುಚ್ಚಿಕೊಂಡು ಓಣಿಯ ತುದಿಗೆ ಹೋದಳು. ಒಲೆಯ ಮುಂದಿದ್ದ ಹೆಂಗಸು ತಲೆ ಎತ್ತಿ, "ಯಾರ್ರಿ?" ಎಂದಳು.

"ಅಡಗಿಮನ್ಯಾಗಿನ ಮುದುಕಿ. ನಿನ್ನಿ ಪಡಸಾಲ್ಯಾಗ ನಿನಗ ಜಾಗಾ ಸಿಗಲಿಲ್ಲ, ನನಗೂ ಸಿಗಲಿಲ್ಲ. ಬಾ, ಕುಂತ ತಿನ್ನೋಣು."

ಎಂಟು ವರ್ಷದ ಗೆಳೆತನ ಹೀಗೆ ಶುರುವಾಯಿತು. ಆಕೆಯ ಕತೆ ಗುರವ್ವನಿಗೆ ಒಮ್ಮೆಗೇ ಸಿಗಲಿಲ್ಲ. ರೊಟ್ಟಿ ಬೇಯುವ ನಡುವೆ ಒಂದಿಷ್ಟು, ಯರಗಟ್ಟಿಯ ಖಾನಾವಳಿಗಳಿಗೆ ರೊಟ್ಟಿ ಕಟ್ಟುವಾಗ ಒಂದಿಷ್ಟು ಸಿಕ್ಕಿತು.

ಮಹಾನಂದಾಳ ತಂದೆಗೆ ಕಿತ್ತೂರಿನ ಹೈವೇ ಬದಿಗೆ ಚಹಾದ ಅಂಗಡಿ ಇತ್ತು. ಪಕ್ಕದ ಊಟದ ಮನೆಯಲ್ಲಿ ಅಡುಗೆ ಮಾಡುತ್ತಿದ್ದ ಉಳವಪ್ಪ ರಾಮದುರ್ಗದ ಕಡೆಯ ಹುಡುಗ. ದಿನಕ್ಕೆ ಆರು ಸಲ ಚಹಾಕ್ಕೆ ಬಂದ. ಏಳನೆಯ ಸಲ ಹೆಣ್ಣು ಕೇಳಲು ಬಂದ. ಮದುವೆಯಾದ ಮೇಲೆ ಗೋವಾದ ಹೋಟೆಲಿಗೆ ಹೋದವನು ಅಲ್ಲಿಂದ ಮಂದಿ ಒಯ್ಯುವ ದೊಡ್ಡ ಹಡಗಿನ ಅಡುಗೆಮನೆ ಸೇರಿದ. ಆರು ತಿಂಗಳು ನೀರಿನ ಮೇಲೆ, ಎರಡು ತಿಂಗಳು ಊರಲ್ಲಿ. ಊರಿಗೆ ಬಂದಾಗ ಹಡಗಿನ ಅಡುಗೆಮನೆ ಒಂದು ಓಣಿಯಷ್ಟು ಉದ್ದ ಎಂದು ಹೇಳಿದರೆ ಈಕೆ, "ಅಷ್ಟ ದೊಡ್ಡ ಅಡಗಿಮನ್ಯಾಗ ಒಂದ ಜ್ವಾಳದ ರೊಟ್ಟಿ ತಟ್ಟಾಕ ಬರೂದಿಲ್ಲ ನಿಮಗ" ಎಂದು ಕಾಡಿಸುತ್ತಿದ್ದಳು.

"ಹಂಗಾರ ನೀನ ಬಂದ ತಟ್ಟು" ಎಂದ ಅವನು ಆಕೆಯನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಪಾಸ್‌ಪೋರ್ಟ್ ಮಾಡಿಸಿದ. ಹಡಗಿನಲ್ಲಿ ದುಡಿಯುವವರು ಹೆಂಡತಿಯನ್ನು ಒಂದು ಸಲ ಕರೆದೊಯ್ಯಬಹುದಿತ್ತಂತೆ. ನೀಲಿ ಪುಸ್ತಕವನ್ನು ಕೈಯಲ್ಲಿಟ್ಟು, "ಹಡಗ ಹತ್ತಾಕ ಇದ ಬೇಕು. ಜ್ವಾಕಿ ಇಟ್ಕೋ. ಮುಂದಿನ ವರ್ಷ ಹೋಗೋಣು" ಎಂದ.

ಮುಂದಿನ ವರ್ಷವೇ ಅವನು ಇಲ್ಲವಾದ. ಗೋವಾ ಬಿಟ್ಟು ಕೊಚ್ಚಿಗೆ ಹೊರಟ ಹಡಗು, ಮರುದಿನ ಬೆಳಿಗ್ಗೆ ಅಡುಗೆಮನೆಗೆ ಉಳವಪ್ಪ ಬರಲಿಲ್ಲ. ಹಡಗೆಲ್ಲ ಹುಡುಕಿದರು, ನೀರಲ್ಲೂ ಹುಡುಕಿದರಂತೆ. ಮನೆಗೆ ಬಂದದ್ದು ಒಂದು ಪೆಟ್ಟಿಗೆ, ಅದರೊಳಗೆ ಅವನ ಬಟ್ಟೆ.

ಅತ್ತೆ ಕಾಡವ್ವ ತಾಳಿ ತೆಗೆಯಲು ಹೇಳಿದಳು. "ಮಣ್ಣ ಆಗಲಾರದ ಹೆಂಗ ತಗೀಲ್ರಿ ಅತ್ತಿ?" ಎಂದಳು ಮಹಾನಂದಾ. ಆ ಕಡೆ ಸತ್ತವರನ್ನು ಹೂಳುವುದಕ್ಕೆ ಮಣ್ಣು ಎಂದೇ ಅನ್ನುವುದು. ಹಿಡಿ ಮಣ್ಣು ಹಾಕಿ ತಿರುಗಿ ಬಂದರೇ ಹೋದವರು ಹೋದಂತೆ. ಬೇಕಾದರೆ ಪೆಟ್ಟಿಗೆಯಲ್ಲಿನ ಅಂಗಿಯನ್ನೇ ಹೂಳೋಣ ಎಂದರು ಹಿರಿಯರು.

"ಅಂಗಿ ಸತ್ತೈತೇನ್ರಿ, ಅಂಗಿಗೆ ಮಣ್ಣ ಕೊಡಾಕ?"

ಆ ಮಾತಿಗೆ ಮನೆಯಲ್ಲಿ ಸಿಟ್ಟೆದ್ದಿತು. ಆಕೆ ಪೆಟ್ಟಿಗೆ ಎತ್ತಿಕೊಂಡು ಮುರಗೋಡಕ್ಕೆ ಬಂದು ರೊಟ್ಟಿ ತಟ್ಟಲು ಕೂತಳು. ಆಕೆಗೆ ಬೇಕಾದದ್ದು ಒಂದೇ: ಅವನು ಹೋದ ನೀರಿಗೆ ತಾನೇ ಹೋಗಿ ಹಿಡಿ ಮಣ್ಣು ಹಾಕಬೇಕು. ಸಮುದ್ರ ಎಂದರೆ ಎಲ್ಲ ಒಂದೇ ನೀರಲ್ಲವೇ, ದಂಡೆಯಲ್ಲೇ ಹಾಕಿ ಬಾ ಎಂದು ಗುರವ್ವ ಒಮ್ಮೆ ಅಂದಿದ್ದಳು. "ಕೆಂಪ ಮಸಾರಿ ಹೊಲಾನೂ ಕರಿ ಎರಿ ಹೊಲಾನೂ ಒಂದ ಏನ್ರಿ?" ಎಂದು ಕೇಳಿದಳು ಮಹಾನಂದಾ.

ಹೋದ ವರ್ಷ ಬೈಲಹೊಂಗಲದ ಪ್ರವಾಸದ ಅಂಗಡಿಯ ಮಧು ಗೋವಾದಿಂದ ಕೊಚ್ಚಿಗೆ ಹಡಗಿನ ಪ್ರವಾಸ ಎಂದು ಹಲಗೆ ಬರೆಸಿ ಹಾಕಿದ. ಮಹಾನಂದಾ ಕೈಯ ಹಿಟ್ಟು ತೊಳೆಯದೆ ಬಸ್ಸು ಹತ್ತಿದಳು. ಒಂದು ಕೋಣೆಗೆ ಇಬ್ಬರು ಬೇಕೆಂದಾಗ ಗುರವ್ವನನ್ನು ಕೇಳಿದಳು.

"ನನಗ ಮಲಪ್ರಭಾ ಸೇತುವಿ ದಾಟೂದಂದ್ರನ ತಲಿ ತಿರಗತೈತಿ, ಮಾರಾಯ್ತಿ!"

"ಕಣ್ಣ ಮುಚ್ಚಕೊಂಡ ಕುಂದರ್ರಿ. ಸಮುದ್ರ ನಾ ನೋಡತೇನಿ."

ಮಣ್ಣಿಗಾಗಿ ಇಬ್ಬರೂ ರಾಮದುರ್ಗದ ಕಡೆಯ ಉಳವಪ್ಪನ ಮನೆಯ ಹೊಲಕ್ಕೆ ಹೋದರು. ಕಾಡವ್ವ ಬದುವಿನ ಮೇಲೆ ನಿಂತಿದ್ದಳು. ಹತ್ತು ವರ್ಷ ಸೊಸೆಯ ಜೊತೆ ಮಾತು ಬಿಟ್ಟವಳು ಈಗಲೂ ಆಡಲಿಲ್ಲ. ತಾನೇ ಬಗ್ಗಿ ಬೆರಳಿಂದ ಎರೆಮಣ್ಣು ಕೆದರಿ, ಕಸ ಆರಿಸಿ, ಸೊಸೆಯ ಸೆರಗಿಗೆ ಹಾಕಿ ಮುಖ ತಿರುಗಿಸಿಕೊಂಡಳು.

ಹೊರಡುವ ಮುಂಚೆ ಮಹಾನಂದಾ ರೇಶ್ಮೆ ಸೀರೆಯ ಮಡಿಕೆಯಿಂದ ಪಾಸ್‌ಪೋರ್ಟ್ ತೆಗೆದಳು. ಫೋಟೋ ಇರುವ ಗುರುತಿನ ಚೀಟಿ ತರಬೇಕೆಂದು ಮಧು ಹೇಳಿದ್ದ. ಗುರವ್ವ ತನ್ನ ಎಲೆಕ್ಷನ್ ಕಾರ್ಡನ್ನು ಸಂಚಿಯಲ್ಲಿ ಇಟ್ಟುಕೊಂಡು, "ನಿನ್ನ ಆಧಾರ?" ಎಂದಳು.

"ಅದು ರೇಶನ್ನಿಗಿ. ಟ್ರಂಕಿನ್ಯಾಗ ಇರಲಿ. ಹಡಗಿಗಿ ಇದ."

"ಅದೂ ಖರೇನ" ಎಂದಳು ಗುರವ್ವ. ಪುಸ್ತಕದಲ್ಲಿ ಬರೆದದ್ದು ಇಂಗ್ಲಿಷು. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟ ಗುರವ್ವನಿಗೆ ಓದಲು ಬರುತ್ತಿರಲಿಲ್ಲ, ಮಹಾನಂದಾಳಿಗೂ ಅಷ್ಟೇ. ಯಾರಿಗಾದರೂ ತೋರಿಸೋಣ ಎಂದು ಅಂದಿದ್ದರೆ ಸಾಕಿತ್ತು. ಅದೊಂದು ಮಾತು ಬಾಯಿಗೆ ಬರಲಿಲ್ಲವಲ್ಲ ಎಂದು ಗುರವ್ವ ಈಗಲೂ ಹಲುಬುತ್ತಾಳೆ.

ಗೋವಾದ ಬಂದರಿನಲ್ಲಿ ಗಾಜಿನ ಹಿಂದೆ ಕೂತ ಹುಡುಗಿ ಪುಸ್ತಕ ತೆರೆದು ತಲೆ ಅಲ್ಲಾಡಿಸಿದಳು. ಆಕೆಯ ಹಿಂದಿ ಇವರಿಗೆ ತಿಳಿಯಲಿಲ್ಲ. ಬಾಗಿಲು ಕಾಯುವ ಪರಶು, ಸವದತ್ತಿ ಕಡೆಯಿಂದ ಬಂದು ಅಲ್ಲೇ ತಲೆ ಹಣ್ಣಾದವನು, ಹತ್ತಿರ ಬಂದ.

"ಯವ್ವಾ, ಇದು ಮುಗದೈತಿ ಅಂತಾಳ."

"ಎಲ್ಲಿ ಮುಗದೈತ್ರಿ ಅಣ್ಣಾರ?" ಮಹಾನಂದಾ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. "ನೋಡ್ರಿ, ಒಂದ ಹಾಳಿನೂ ಖರ್ಚ ಆಗಿಲ್ಲ. ಹೊಸಾದ ಹಂಗ ಐತಿ."

ಪರಶು ಅದನ್ನು ಹಿಂದಿಯಲ್ಲಿ ಹೇಳಿದಾಗ ಹುಡುಗಿಗೆ ನಗು ಬಂತು, ಪರಶುವಿನ ಮುಖ ನೋಡಿ ನುಂಗಿಕೊಂಡಳು.

"ಹಾಳಿದಲ್ಲ ಯವ್ವಾ, ಮುದ್ದತಿಂದು. ಹತ್ತ ವರ್ಷ ಇರತೈತಿ, ತೀರೇತಿ. ಖರೇ ಹೇಳಬೇಕಂದ್ರ ಈ ಹಡಗಿಗೆ ಇದು ಬೇಕಾಗೇ ಇಲ್ಲ. ಕೊಚ್ಚಿ ನಮ್ಮ ದೇಶನ. ಆಧಾರ ಕಾರ್ಡ ಇದ್ರ ಸಾಕಾಗಿತ್ತು."

ಆಧಾರ್ ಮುರಗೋಡದ ಟ್ರಂಕಿನಲ್ಲಿತ್ತು. ಹಡಗು ಎರಡು ತಾಸಿಗೆ ಹೊರಡುವುದಿತ್ತು. ಊರಿಂದ ಕಾರ್ಡಿನ ಫೋಟೋ ಮೊಬೈಲಿಗೆ ತರಿಸಿದರೆ ನಡೆಯುವುದಿಲ್ಲ, ಆದರೆ ನಂಬರು ನೆನಪಿದ್ದರೆ ಕಂಪ್ಯೂಟರಿನಿಂದ ತೆಗೆಯಬಹುದು ಎಂದು ಹುಡುಗಿ ಪರಶುವಿನ ಮೂಲಕ ಹೇಳಿಸಿದಳು. ರೇಶನ್ನಿಗೆ ಹೇಳಿ ಹೇಳಿ ಮಹಾನಂದಾಳಿಗೆ ಆ ನಂಬರು ಬಾಯಿಪಾಠವಾಗಿತ್ತು. ಹುಡುಗಿ ಒತ್ತಿದಳು.

"ಈಗ ಮೊಬೈಲಿಗೆ ಓಟಿಪಿ ಬಂದಿರತೈತಿ, ಹೇಳ್ರಿ" ಎಂದ ಪರಶು.

"ಆ ಮೊಬೈಲ ಅವರ ಕಡೆ ಐತ್ರಿ. ಅವರ ನಂಬರನ ಕೊಟ್ಟಿದ್ರು."

"ಅವರ ಎಲ್ಲಿ ಅದಾರ? ಫೋನ ಹಚ್ಚೋಣು."

ಮಹಾನಂದಾ ಕಿಟಕಿಯ ಆಚೆ ನೀರಿನ ಕಡೆ ಕೈ ಮಾಡಿದಳು. ಪರಶು ಒಳಗೆ ಹೋಗಿ ದೊಡ್ಡ ಸಾಹೇಬರ ಮುಂದೆ ಕೈ ಮುಗಿದು ಬಂದ. ಕಾಯಿದೆ ಕಾಯಿದೆಯೇ ಎಂದರಂತೆ.

ಸಾಲು ಕರಗುತ್ತ ಬಂತು. ಮಹಾನಂದಾ ಅಳಲಿಲ್ಲ. ಗುರವ್ವನೇ ಅತ್ತಳು. "ನಡಿ, ಊರಿಗೆ ಹೋಗೋಣು. ಮುಂದಿನ ವರ್ಷ ಕಾರ್ಡ ತಗೊಂಡ ಬರೋಣು."

"ಮುಂದಿನ ವರ್ಷ ಅಂತ ಅವರೂ ಅಂದಿದ್ರು" ಎಂದು ಮಹಾನಂದಾ ಮಣ್ಣಿನ ಗಂಟನ್ನು ಗುರವ್ವನ ಉಡಿಯಲ್ಲಿಟ್ಟಳು. "ನೀವ ಹೋಗ್ರಿ. ನಿಮ್ಮ ಕಾರ್ಡ ನಡೀತೈತಿ."

"ಹುಚ್ಚಿ, ನಾ ಅವನಿಗೆ ಯಾರು? ಮಾರಿ ಸೈತ ನೋಡಿಲ್ಲ."

"ಮಣ್ಣಿಗಿ ಬಂದವರೆಲ್ಲಾ ಹಾಕತಾರಲ್ಲರಿ. ನೀವೂ ಹಂಗ. ನಾಳೆ ಹೊತ್ತ ಹುಟ್ಟೂದ್ರಾಗ, ಹಡಗಿನ ಹಿಂದಿನ ಕಡೆ ನಿಂತ ಹಾಕ್ರಿ."

ಪರಶು ಗುರವ್ವನ ಚೀಲ ಎತ್ತಿಕೊಂಡು ಬಾಗಿಲಲ್ಲಿ ಕಾದ. ಗುರವ್ವ ಅವನ ಹಿಂದೆ ನಾಲ್ಕು ಹೆಜ್ಜೆ ಇಟ್ಟಳು. ಹಿಂದಿನಿಂದ ಮಹಾನಂದಾ ಓಡಿ ಬಂದು ಅಡ್ಡ ಹಾಕಿದ ಕಂಬಿಯ ಆಚೆಯಿಂದಲೇ ಆಕೆಯ ಸೆರಗು ಹಿಡಿದಳು.

"ಗುರವ್ವಾರ, ಇನ್ನೊಂದು. ಮಣ್ಣ ಹಾಕೂ ಮುಂಚೆ ಅವರ ಹೆಸರ ಹಿಡದ ಒಮ್ಮೆ ಜೋರಾಗಿ ಕರೀರಿ. ನನ್ನ ಬಾಯಾಗ ಆ ಹೆಸರ ಒಮ್ಮಿನೂ ಬಂದಿಲ್ಲ, ಬರೂದೂ ಇಲ್ಲ. ಕರದು ಒಂದ ಗಳಿಗಿ ನಿಂದರ್ರಿ. ಓ ಅಂದ್ರೂ ಅಂದಾರು. ಅನ್ನಲಿಲ್ಲಂದ್ರ ಹಾಕ್ರಿ."